ಗುಂಯ್‌ಗುಡುವ ಮೋಟಾರು, ತಿರುಗದ ಚಕ್ರ

ಹತ್ತು ಹನ್ನೆರಡು ವರ್ಷ ಸತತವಾಗಿ ದುಡಿದ ಬಟ್ಟೆ ಒಗೆಯುವ ಯಂತ್ರವೊಂದು, ನೀರು ತುಂಬಿ, ಸೋಪಿನ ಪುಡಿ ಹಾಕಿ, ಟೈಮರಿನ ಗುಂಡಿಯನ್ನು ತಿರುಗಿಸಿದ ಮೇಲೂ ತೊಟ್ಟಿಯ ತಳದ ಚಕ್ರವನ್ನು ಅಲುಗಿಸದೆ ನಿಂತುಬಿಟ್ಟಿತೆಂದರೆ, ಅದರ ಆಯುಸ್ಸು ಮುಗಿಯಿತೆಂದು ನಿಶ್ಚಯಿಸಿ, ಸಿಕ್ಕಿದ ಬೆಲೆಗೆ ಗುಜರಿಯವನಿಗೆ ಒಪ್ಪಿಸಿ, ಹೊಸದಕ್ಕೆ ಕಂತು ಕಟ್ಟಲು ಹೊರಡುವುದು ಈಗ ನಮ್ಮ ಊರುಗಳಲ್ಲಿ ರೂಢಿಯಾಗಿಬಿಟ್ಟಿದೆ. ಈ ನಿಶ್ಚಯವು ಬಹುಮಟ್ಟಿಗೆ ಅವಸರದ್ದು. ಚಕ್ರ ತಿರುಗದಿರುವುದಕ್ಕೆ ಇರಬಹುದಾದ ಕಾರಣಗಳು ಬೆರಳೆಣಿಕೆಯಷ್ಟೇ; ಅವುಗಳಲ್ಲಿ ಹೆಚ್ಚಿನವು ಅಲ್ಪ ಖರ್ಚಿನಲ್ಲಿ ಪರಿಹಾರವಾಗತಕ್ಕವು; ಮತ್ತು ಯಾವ ಕಾರಣವೆಂಬುದನ್ನು ಯಂತ್ರವು ತನ್ನ ಸದ್ದಿನಿಂದಲೂ ವಾಸನೆಯಿಂದಲೂ, ಕೈಯಿಟ್ಟು ತಿರುಗಿಸಿದಾಗ ತೋರುವ ಬಿಗಿ ಸಡಿಲಗಳಿಂದಲೂ ತಾನೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಾನು ಮುಖ್ಯವಾಗಿ ಹೇಳಹೊರಟಿರುವುದು ಎರಡು ತೊಟ್ಟಿಗಳ ಸೆಮಿ ಆಟೋಮ್ಯಾಟಿಕ್ ಯಂತ್ರವನ್ನು ಕುರಿತು. ಏಕೆಂದರೆ ಮಂಡ್ಯ ಜಿಲ್ಲೆಯ ಆದಿಚುಂಚನಗಿರಿಯ ಸುತ್ತಿನ ಹಳ್ಳಿಗಳಲ್ಲಿ ಮನೆಯ ಹಿತ್ತಿಲಿನ ಜಗಲಿಯ ಮೇಲೆ ಇಂದಿಗೂ ನಿಂತಿರುವುದು ಬಹುತೇಕ ಅದೇ. ನಲ್ಲಿಯಲ್ಲಿ ಸದಾ ನೀರಿನ ಒತ್ತಡವಿರಬೇಕೆಂಬ ನಿರ್ಬಂಧ ಅದಕ್ಕಿಲ್ಲ. ಬೋರ್‌ವೆಲ್ಲಿನ ನೀರು ಬಿಟ್ಟ ಹೊತ್ತಿನಲ್ಲಿ ಡ್ರಮ್ಮಿಗೆ ತುಂಬಿಟ್ಟುಕೊಂಡು, ಬಕೆಟ್ಟಿನಿಂದ ಹೊಯ್ದರೂ ಅದು ಒಗೆಯುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಬಂದಾಗ ಟೈಮರನ್ನು ತಿರುಗಿಸಿ ಮುಂದುವರಿಸಬಹುದು. ತೊಟ್ಟಿಯ ನಡುವೆ ರೆಕ್ಕೆಗಳುಳ್ಳ ಕಂಬವೊಂದು ನಿಂತು ಬಟ್ಟೆಯನ್ನು ಅತ್ತಿತ್ತ ಹೊರಳಿಸುವ ಪದ್ಧತಿಯು ಅಮೆರಿಕೆಯದು. 1922ರಲ್ಲಿ ಮೇಟ್ಯಾಗ್ ಕಂಪನಿಯು ಹೊರತಂದ ಯಂತ್ರದಿಂದ ಅದು ಲೋಕಪ್ರಸಿದ್ಧವಾಯಿತು. ನಮ್ಮ ಮನೆಗಳಿಗೆ ಬಂದುದಾದರೋ ಅದಕ್ಕಿಂತ ಸರಳವಾದ ಇನ್ನೊಂದು ವಂಶ. ಕಂಬದ ಬದಲು ತಟ್ಟೆಯಂಥ ಚಿಕ್ಕ ಚಕ್ರವೊಂದು ರಭಸವಾಗಿ ಸುತ್ತಿ ನೀರಿನಲ್ಲಿ ಸುಳಿಯೆಬ್ಬಿಸುವ ಈ ಪದ್ಧತಿಯ ಯಂತ್ರವನ್ನು ಜಪಾನಿನಲ್ಲಿ 1953ರಲ್ಲಿ ಸ್ಯಾನ್ಯೋ ಕಂಪನಿಯು ಮಾರುಕಟ್ಟೆಗೆ ತಂದಿತು. ಆ ಚಕ್ರಕ್ಕೆ ಪಲ್ಸೇಟರ್ ಎಂದು ಹೆಸರು. ಕೆಲವು ಸೆಕೆಂಡು ಬಲಕ್ಕೆ, ಅರೆಗಳಿಗೆ ವಿರಾಮ, ಮತ್ತೆ ಕೆಲವು ಸೆಕೆಂಡು ಎಡಕ್ಕೆ, ಹೀಗೆ ಅದು ನಡೆಸುವ ಮಥನದಲ್ಲಿಯೇ ಯಂತ್ರದ ಸಮಸ್ತ ಕಾರ್ಯವೂ ಅಡಗಿದೆ. ಕಲ್ಲಿನ ಮೇಲೆ ಕುಕ್ಕಿ ಕೊಳೆಯನ್ನು ಬಿಡಿಸುವ ಕೆಲಸವನ್ನು ಇಲ್ಲಿ ನೀರೇ ಮಾಡಬೇಕು. ಆ ನೀರನ್ನು ಚಕ್ರವೇ ಓಡಿಸಬೇಕು.

ಈ ಚಕ್ರದವರೆಗೆ ಶಕ್ತಿಯು ಬರುವ ಹಾದಿಯನ್ನು ಒಮ್ಮೆ ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ವಿದ್ಯೆ ಬಂದಂತೆಯೇ. ಗೋಡೆಯ ಪ್ಲಗ್ಗಿನಿಂದ ಹೊರಟ ವಿದ್ಯುತ್ತು ಟೈಮರನ್ನು ಹಾಯ್ದು ಮೋಟಾರಿಗೆ ಬರುತ್ತದೆ. ಮೋಟಾರಿನ ಪಕ್ಕದಲ್ಲಿ, ಅದಕ್ಕೆ ಮೊದಲ ತಿರುವನ್ನು ಕೊಡುವುದಕ್ಕಾಗಿ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಕಂಡೆನ್ಸರ್ ಎನಿಸಿಕೊಂಡ ಕೆಪಾಸಿಟರ್ ಇದೆ. ಮೋಟಾರಿನ ಸಣ್ಣ ಪುಲ್ಲಿಯಿಂದ ಬೆಲ್ಟೊಂದು ಹೊರಟು ದೊಡ್ಡ ಪುಲ್ಲಿಯನ್ನು ಸುತ್ತಿದೆ. ದೊಡ್ಡ ಪುಲ್ಲಿಯ ದಂಡವು, ಕೆಲವು ಯಂತ್ರಗಳಲ್ಲಿ ಗೇರ್ ಬಾಕ್ಸೊಂದನ್ನು ಹಾಯ್ದು, ತೊಟ್ಟಿಯ ತಳವನ್ನು ಭೇದಿಸಿ ಮೇಲೆ ಬಂದಿದೆ. ಬಂದ ಜಾಗದಲ್ಲಿ ನೀರು ಕೆಳಗಿಳಿಯದಂತೆ ರಬ್ಬರಿನ ಸೀಲ್ ಒಂದು ಅದನ್ನು ಅಪ್ಪಿಕೊಂಡಿದೆ. ದಂಡದ ತುದಿಯ ಹಲ್ಲುಗಳ ಮೇಲೆ ಪಲ್ಸೇಟರ್ ಕುಳಿತು, ಒಂದೇ ಒಂದು ಸ್ಕ್ರೂವಿನಿಂದ ಬಿಗಿಯಲ್ಪಟ್ಟಿದೆ. ಈ ಸರಣಿಯಲ್ಲಿ ಎಲ್ಲಿ ಕೊಂಡಿ ಕಳಚಿತೆಂಬುದನ್ನು ಕಂಡುಹಿಡಿಯುವುದೇ ಪರೀಕ್ಷೆ.

ಪರೀಕ್ಷೆಗೆ ಮುಂಚೆ ಜೀವದ ಮಾತು. ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯೊಳಗಿರುವ ವಸ್ತುವಿದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕೈಗೆ ಕಾಣುವಂತೆ ಪಕ್ಕಕ್ಕಿಡಬೇಕು. ತೊಟ್ಟಿಯ ನೀರನ್ನು ಪೂರ್ತಿ ಬಸಿದು ಹಾಕಬೇಕು. ಬರಿಗಾಲಲ್ಲಿ ಹಸಿ ನೆಲದ ಮೇಲೆ ನಿಲ್ಲಬಾರದು. ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರ್ ಸ್ವಲ್ಪ ಹೊತ್ತು ವಿದ್ಯುತ್ತನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲದಾದ್ದರಿಂದ ಅದರ ತಂತಿಗಳನ್ನು ಬೆರಳಿನಿಂದ ಮುಟ್ಟಕೂಡದು. ಬಲ್ಲ ಮೆಕ್ಯಾನಿಕ್‌ಗಳು ಟೆಸ್ಟ್ ಲ್ಯಾಂಪಿನ ಎರಡು ತುದಿಗಳನ್ನು ಅದಕ್ಕೆ ತಾಕಿಸಿ ಬರಿದುಮಾಡಿಕೊಂಡೇ ಮುಂದುವರಿಯುತ್ತಾರೆ. ಯಂತ್ರದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆಂದು ಹೇಳುತ್ತಲೇ ವರ್ಷಗಟ್ಟಲೆ ಅದನ್ನು ಬಳಸುವ ಮನೆಗಳು ಉಂಟು. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಮೊದಲು ರಿಪೇರಿಯಾಗಬೇಕಾದುದು ಯಂತ್ರವಲ್ಲ, ಆ ಮನೆಯ ವೈರಿಂಗು. ಇದರಲ್ಲಿ ರಾಜಿಗೆ ಎಡೆಯೇ ಇಲ್ಲ.

ಈಗ ಬರಿಯ ತೊಟ್ಟಿಯಲ್ಲಿ, ನೀರಾಗಲಿ ಬಟ್ಟೆಯಾಗಲಿ ಇಲ್ಲದೆ, ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ಟೈಮರ್ ತಿರುಗಿಸಿ ಕಿವಿಗೊಡಬೇಕು. ಏನೂ ಸದ್ದಿಲ್ಲದಿದ್ದರೆ ಮೋಟಾರಿಗೆ ವಿದ್ಯುತ್ತೇ ತಲುಪುತ್ತಿಲ್ಲವೆಂದೋ ಅದರ ಸುರುಳಿಯೇ ಕಡಿದಿದೆಯೆಂದೋ ಅರ್ಥ. ಪಕ್ಕದ ಹಿಂಡುವ ತೊಟ್ಟಿ ತಿರುಗುತ್ತಿದ್ದರೆ, ಅದಕ್ಕೆ ಬೇರೆಯೇ ಮೋಟಾರಿರುವುದರಿಂದ, ಪ್ಲಗ್ಗೂ ಗೋಡೆಯಿಂದ ಬರುವ ವೈರೂ ಸರಿಯಿವೆಯೆಂದು ತಿಳಿಯಿತು. ದೋಷವು ಒಗೆಯುವ ಕಡೆಯ ಟೈಮರಿನಲ್ಲಿ, ಆ ಕಡೆಯ ಇಲಿ ಕಡಿದ ವೈರಿನಲ್ಲಿ, ಇಲ್ಲವೇ ಮೋಟಾರಿನ ಸುರುಳಿಯಲ್ಲಿ. ಯಂತ್ರದ ಅಡಿಭಾಗಕ್ಕೆ ಜಾಲರಿಯಿಲ್ಲದೆ ಹಿತ್ತಿಲಿನಲ್ಲಿಟ್ಟ ಮನೆಗಳಲ್ಲಿ ಇಲಿಯ ಹಾವಳಿಯು ಊಹೆಗೂ ಮೀರಿದುದು. ಬಹಳ ಹೊತ್ತು ಒಗೆದ ಮೇಲೆ ತಟ್ಟನೆ ನಿಂತಿದ್ದರೆ, ಮೋಟಾರು ಕಾದು ಅದರೊಳಗಿನ ರಕ್ಷಕವು ವಿದ್ಯುತ್ತನ್ನು ಕಡಿದಿರಬಹುದು. ಅರ್ಧ ಗಂಟೆ ತಣಿಯಲು ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ.

ಗುಂಯ್ ಎಂಬ ಸದ್ದು ಮಾತ್ರ ಬಂದು ಚಕ್ರ ತಿರುಗದಿದ್ದರೆ ಅದೇ ನಿಜವಾಗಿ ಗಮನ ಕೊಡತಕ್ಕ ಸ್ಥಿತಿ. ಹಳೆಯ ಯಂತ್ರಗಳು ಹೆಚ್ಚಾಗಿ ಬರುವುದೂ ಇದೇ ದೂರಿನೊಂದಿಗೆ. ನಮ್ಮ ಮನೆಗಳಿಗೆ ಬರುವ ಸಿಂಗಲ್ ಫೇಸ್ ವಿದ್ಯುತ್ತಿಗೆ ಒಂದು ಸಹಜವಾದ ಮಿತಿಯುಂಟು: ಅದೊಂದೇ ಸುರುಳಿಯಲ್ಲಿ ಹರಿದರೆ ಹುಟ್ಟುವ ಕಾಂತಬಲವು ಹಿಂದಕ್ಕೂ ಮುಂದಕ್ಕೂ ಮಿಡಿಯುವುದೇ ಹೊರತು ಸುತ್ತುವುದಿಲ್ಲ, ಆದ್ದರಿಂದ ನಿಂತ ಮೋಟಾರು ಯಾವ ಕಡೆಗೆ ಹೊರಡಬೇಕೆಂದು ತಿಳಿಯದೆ ನಡುಗುತ್ತ ನಿಲ್ಲುತ್ತದೆ. ಈ ಕೊರತೆಯನ್ನು ನೀಗಿಸಲು ಎರಡನೆಯ ಸುರುಳಿಯೊಂದನ್ನು ಸುತ್ತಿ, ಅದರಲ್ಲಿ ಹರಿಯುವ ವಿದ್ಯುತ್ತು ಮೊದಲನೆಯದಕ್ಕಿಂತ ತುಸು ಮುಂಚಿತವಾಗಿ ಏರಿಳಿಯುವಂತೆ ಕಂಡೆನ್ಸರ್ ಮಾಡುತ್ತದೆ. ಆ ಅಂತರದಿಂದಲೇ ಕಾಂತಬಲಕ್ಕೆ ಸುತ್ತುವ ಗುಣ ಬರುತ್ತದೆ. ಒಗೆಯುವ ಮೋಟಾರಿನಲ್ಲಿ ಎರಡು ಸುರುಳಿಗಳೂ ಸಮನಾಗಿರುತ್ತವೆ. ಟೈಮರ್ ಕಂಡೆನ್ಸರನ್ನು ಒಮ್ಮೆ ಈ ಸುರುಳಿಗೂ ಒಮ್ಮೆ ಆ ಸುರುಳಿಗೂ ಸೇರಿಸುವುದರಿಂದಲೇ ಚಕ್ರವು ಬಲಕ್ಕೂ ಎಡಕ್ಕೂ ಸುತ್ತುತ್ತದೆ. ಇಷ್ಟು ಚೊಕ್ಕವಾದ ಉಪಾಯವನ್ನು ಕಂಡಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ. ಬೆಂಡೆಕಾಯಿಯ ಉದ್ದಕ್ಕೂ ಮೀರದ ಈ ಕಂಡೆನ್ಸರ್ ವರ್ಷಗಳ ಬಿಸಿಗೂ ವೋಲ್ಟೇಜಿನ ಏರುಪೇರಿಗೂ ಸಿಕ್ಕಿ ಕ್ರಮೇಣ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗ ಮೋಟಾರು ಗುಂಯ್‌ಗುಡುತ್ತದೆ, ಹೊರಡುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳುವ ಬಗೆ ಸುಲಭ. ಮೊದಲು ಪ್ಲಗ್ಗು ಕಿತ್ತು ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ಮಾತ್ರ, ಒಣಗಿದ ತೊಟ್ಟಿಯಲ್ಲಿ, ಯಂತ್ರವನ್ನು ಚಾಲೂ ಮಾಡಿ, ಒಣ ಮರದ ಕೋಲಿನಿಂದ ಚಕ್ರಕ್ಕೆ ಮೆಲ್ಲನೆ ಒಂದು ತಳ್ಳು ಕೊಟ್ಟು ಕೋಲನ್ನು ಒಡನೆಯೇ ಹಿಂದೆಗೆಯಬೇಕು. ತಳ್ಳಿದ ಕಡೆಗೆ ಅದು ಸುತ್ತತೊಡಗಿದರೆ ಕಂಡೆನ್ಸರಿನದೇ ದೋಷವೆಂದು ಬಹುಮಟ್ಟಿಗೆ ನಂಬಬಹುದು. ಹೊಸದನ್ನು ಹಾಕುವಾಗ ಹಳೆಯದರ ಮೈಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಂಕಿಯನ್ನೇ ಅನುಸರಿಸಬೇಕು; ಒಗೆಯುವ ಮೋಟಾರಿಗೆ ಅದು ಸಾಮಾನ್ಯವಾಗಿ 10ರ ಆಸುಪಾಸಿನಲ್ಲಿರುತ್ತದೆ. ದೊಡ್ಡದು ಹಾಕಿದರೆ ಬಲ ಹೆಚ್ಚೆಂದು ಭಾವಿಸಿ ಸಿಕ್ಕಿದ್ದನ್ನು ಹಾಕುವುದು ಮೋಟಾರಿನ ಸುರುಳಿಯನ್ನು ಸುಡುವ ಮಾರ್ಗ. ಅದರ ಬೆಲೆಯಾದರೋ ಒಂದೆರಡು ನೂರು ರೂಪಾಯಿ. ಇಷ್ಟಕ್ಕಾಗಿ ಸಾವಿರಾರು ರೂಪಾಯಿಯ ಯಂತ್ರಗಳು ಗುಜರಿಯ ಪಾಲಾಗುತ್ತಿವೆಯೆಂಬುದನ್ನು ನೆನೆದರೆ ನಿಜಕ್ಕೂ ವ್ಯಥೆಯಾಗುತ್ತದೆ.

ಆದರೆ ಕಂಡೆನ್ಸರ್ ಸರಿಯಿದ್ದೂ ಗುಂಯ್‌ಗುಡುವ ಯಂತ್ರಗಳುಂಟು. ಅದರಲ್ಲಿಯೂ ಸಂಜೆಯ ಹೊತ್ತು. ಇಲ್ಲಿ ಅಪರಾಧಿಯು ಯಂತ್ರವಲ್ಲ, ತಂತಿಯಲ್ಲಿ ಬರುವ ವೋಲ್ಟೇಜು. ಇದೇ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದು ದೇಶಕ್ಕೆ ಕೀರ್ತಿ ತಂದಿತು. ಹಾಗಿದ್ದೂ, ಟ್ರಾನ್ಸ್‌ಫಾರ್ಮರಿನಿಂದ ದೂರವಾದ ಬೀದಿಯ ಕೊನೆಯ ಮನೆಗಳಲ್ಲಿ, ಪಂಪ್‌ಸೆಟ್ಟುಗಳೆಲ್ಲ ಏಕಕಾಲಕ್ಕೆ ಎಳೆಯತೊಡಗಿದಾಗ, ದೀಪ ಮಂಕಾಗಿ ಫ್ಯಾನು ತೆವಳುವುದನ್ನು ನಾವು ನೋಡುತ್ತಲೇ ಇದ್ದೇವೆ. ಮನೆಗಳ ಲೈನನ್ನು ಪಂಪ್‌ಸೆಟ್ಟುಗಳ ಲೈನಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಸ್ಥಿತಿ ಸುಧಾರಿಸಿದೆಯಾದರೂ ಪೂರ್ಣ ಪರಿಹಾರವಾಗಿಲ್ಲ. ಇಂಥ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ; ಎಂದರೆ 230 ಇರಬೇಕಾದ ಕಡೆ 180 ವೋಲ್ಟ್ ಬಂದರೆ ಬಲವು ಐದನೆಯ ಒಂದು ಪಾಲಿನಷ್ಟಲ್ಲ, ಹೆಚ್ಚುಕಡಮೆ ನೂರಕ್ಕೆ 39 ಪಾಲು ಕುಗ್ಗುತ್ತದೆ; 160ಕ್ಕೆ ಇಳಿದರೆ ಅರ್ಧಕ್ಕಿಂತಲೂ ಕಡಮೆಯಾಗುತ್ತದೆ. ಒದ್ದೆ ಬಟ್ಟೆಯ ಭಾರವನ್ನು ಅಷ್ಟು ಬಲದಿಂದ ಹೊರಳಿಸಲಾಗದು. ಬೆಳಗಿನ ಜಾವ ತಿರುಗಿ ಸಂಜೆ ಮುಷ್ಕರ ಹೂಡುವ ಯಂತ್ರವನ್ನು ಬಿಚ್ಚುವ ಮುನ್ನ ವೋಲ್ಟೇಜನ್ನು ಅಳೆಯಿಸಬೇಕು. ಬಲವಂತದಿಂದ ಗುಂಯ್‌ಗುಡಿಸುತ್ತಲೇ ಬಿಟ್ಟರೆ ಸುರುಳಿ ಸುಟ್ಟು, ಅಲ್ಪ ಖರ್ಚಿನ ಮಾತು ದೊಡ್ಡ ಖರ್ಚಿಗೆ ತಿರುಗುತ್ತದೆ.

ಇನ್ನು, ಕೈಯಿಂದ ತಿರುಗಿಸಹೋದಾಗ ಚಕ್ರವೇ ಬಿಗಿಯಾಗಿದ್ದರೆ? ಬೆಳ್ಳೂರಿಗೂ ನಾಗಮಂಗಲಕ್ಕೂ ನಡುವಣ ಹಳ್ಳಿಯೊಂದರ ಜಗಲಿಯಲ್ಲಿ, ಫಾಲ್ಗುಣದ ಜಾತ್ರೆಗೆ ಬಂದುಹೋದ ನೆಂಟರ ಹೊದಿಕೆ ಹಚ್ಚಡಗಳನ್ನೆಲ್ಲ ಒಮ್ಮೆಗೇ ತುಂಬಿದ್ದರಿಂದ ನಿಂತುಹೋದ ಯಂತ್ರವೊಂದನ್ನು ತರುಣ ಮೆಕ್ಯಾನಿಕ್ಕನೊಬ್ಬನು ಬಿಚ್ಚಿದ ರೀತಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವನು ನಡುವಣ ಸ್ಕ್ರೂವನ್ನು ತೆಗೆದು, ಪಲ್ಸೇಟರಿನ ಅಂಚಿನಡಿ ಎದುರುಬದುರಾಗಿ ಎರಡು ಗಟ್ಟಿ ದಾರಗಳನ್ನು ತೂರಿಸಿ, ಸ್ಕ್ರೂಡ್ರೈವರಿನಿಂದ ಮೀಟಿ ಪ್ಲಾಸ್ಟಿಕ್ಕನ್ನು ಒಡೆಯದೆ, ದಾರಗಳನ್ನು ಸಮವಾಗಿ ಜಗ್ಗಿ ಚಕ್ರವನ್ನು ನೇರವಾಗಿ ಮೇಲೆತ್ತಿದನು. ಅದರಡಿಯಲ್ಲಿ ಸೋಪಿನ ಜಿಡ್ಡೂ ನೂಲಿನ ಧೂಳೂ ಬೆರೆತ ಕಪ್ಪು ಕೆಸರು, ಒಂದು ಹೇರ್‌ಪಿನ್ನು, ಎರಡು ರೂಪಾಯಿಯ ನಾಣ್ಯ, ಅಂಗಿಯ ಗುಂಡಿಗಳು, ಮತ್ತು ದಂಡಕ್ಕೆ ಹಗ್ಗದಂತೆ ಬಿಗಿಯಾಗಿ ಸುತ್ತಿಕೊಂಡಿದ್ದ ಲಂಗದ ಲಾಡಿ. ದಂಡದ ಸುತ್ತ ಸುಣ್ಣ ಬಳಿದಂತೆ ಬಿಳಿಯ ಹೆಕ್ಕಳಿಕೆ ಕಟ್ಟಿತ್ತು.

"ಮಿಷನ್ ಹೋಗೈತೆ ಅಂತ ಗುಜರಿಯವ್ನಿಗೆ ಹೇಳ್ಬಿಟ್ಟಿದ್ದೆ ಕಣಪ್ಪ" ಎಂದರು ಮನೆಯ ಹಿರಿಯಾಕೆ.

"ಏನೂ ಹೋಗಿಲ್ಲ ಕಣಕ್ಕ. ಲಾಡಿ ಸಿಗಾಕ್ಕೊಂಡು ಬಿಗಿಯಾಗೈತೆ ಅಷ್ಟೆಯ. ಆದ್ರೆ ಈ ಸೀಲ್ ಈಗ್ಲೇ ಹಾಕ್ಸ್‌ಬುಡಿ, ಇಲ್ದಿದ್ರೆ ನೀರು ಕೆಳಗಿಳ್ದು ಮೋಟ್ರು ಹಾಳಾಯ್ತದೆ" ಎಂದನು ಅವನು.

ಅವನು ಬೆರಳಿಟ್ಟು ತೋರಿಸಿದ ಆ ಬಿಳಿಯ ಹೆಕ್ಕಳಿಕೆಯಲ್ಲಿ ಈ ಸೀಮೆಯ ಭೂಮಿಯ ಸ್ವಭಾವವೇ ಇದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯೂ, ಕರಿಘಟ್ಟದ ಬುಡದಲ್ಲಿ ಅದನ್ನು ಸೇರುವ ಲೋಕಪಾವನಿಯೂ, ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯೂ, ಕೃಷ್ಣರಾಜಪೇಟೆಯ ಕಡೆ ಹೇಮಾವತಿಯೂ ಮೃದುವಾದ ಹರಿನೀರನ್ನು ತಂದರೆ, ನಾಗಮಂಗಲದ ಬೆದ್ದಲು ಸೀಮೆಯ ಮನೆಗಳು ಬಹುತೇಕ ಬಂಡೆಯ ಬಿರುಕಿನ ನೀರನ್ನೆತ್ತುವ ಕೊಳವೆ ಬಾವಿಗಳನ್ನು ನಂಬಿವೆ. ಬಂಡೆಯ ನಡುವೆ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿ ಅದು ಗಡಸಾಗುತ್ತದೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಮನ್ನು ಅಪೇಕ್ಷಣೀಯ ಮಿತಿಯೆಂದೂ, ಬೇರೆ ನೀರಿನ ಮೂಲವಿಲ್ಲದ ಕಡೆ 600ರವರೆಗೆ ಸಹಿಸಬಹುದೆಂದೂ ಹೇಳಿದೆ. ಗಡಸು ನೀರಿನಲ್ಲಿ ಸೋಪು ನೊರೆಗಟ್ಟುವ ಬದಲು ಕರಗದ ಗಸಿಯಾಗುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಪುಡಿ ಸುರಿಯುತ್ತೇವೆ. ಆ ಗಸಿಯೂ ಸುಣ್ಣದ ಪದರವೂ ದಂಡಕ್ಕೆ ಹತ್ತಿ, ಉಪ್ಪುಕಾಗದದಂತೆ ಸೀಲಿನ ಮೆತ್ತನೆಯ ತುಟಿಯನ್ನು ಸವೆಸುತ್ತವೆ. ಸೀಲ್ ಸೋರಿದರೆ ನೀರು ಕೆಳಗಿಳಿದು ಬೆಲ್ಟನ್ನು ಜಾರಿಸುತ್ತದೆ, ದಂಡಕ್ಕೆ ಆಧಾರವಾದ ಬುಷ್ಷಿಗೆ ತುಕ್ಕು ಹಿಡಿಸಿ ದಂಡವನ್ನು ಕಚ್ಚಿಸುತ್ತದೆ, ಕಟ್ಟಕಡೆಗೆ ಮೋಟಾರಿನ ಸುರುಳಿಯನ್ನು ಕೆಡಿಸುತ್ತದೆ. ಆದುದರಿಂದ ಯಂತ್ರದ ಅಡಿಯಲ್ಲಿ ಕಾಣುವ ನಾಲ್ಕು ಹನಿ ನೀರನ್ನು ಉಪೇಕ್ಷಿಸಬಾರದು. ಮಥನ ನಿಲ್ಲುವುದಕ್ಕೆ ತಿಂಗಳುಗಳ ಮುಂಚೆಯೇ ಬರುವ ಸೂಚನೆ ಅದು.

ಮೂರನೆಯ ಸ್ಥಿತಿಯೆಂದರೆ, ಕೆಳಗೆ ಮೋಟಾರು ಸರಾಗವಾಗಿ ಓಡುವ ಸದ್ದು ಕೇಳುತ್ತಿದೆ, ಮೇಲೆ ಚಕ್ರ ಮಾತ್ರ ನಿಶ್ಚಲ. ಹಿಂದಿನ ಮುಚ್ಚಳವನ್ನು ಬಿಚ್ಚಿದರೆ ಬೆಲ್ಟು ಹರಿದು ಬಿದ್ದಿರುತ್ತದೆ, ಇಲ್ಲವೇ ಸಡಿಲಗೊಂಡು ಪುಲ್ಲಿಯ ಮೇಲೆ ಜಾರುತ್ತಿರುತ್ತದೆ. ಸುಟ್ಟ ರಬ್ಬರಿನ ವಾಸನೆಯೂ ಸುತ್ತ ಚೆಲ್ಲಿದ ಕಪ್ಪು ಪುಡಿಯೂ ಅದಕ್ಕೆ ಸಾಕ್ಷಿ. ಮೋಟಾರನ್ನು ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಅದನ್ನು ತುಸು ಹಿಂದಕ್ಕೆ ಸರಿಸಿದರೆ ಬೆಲ್ಟು ಬಿಗಿಯಾಗುತ್ತದೆ. ಬೆರಳಿನಿಂದ ಒತ್ತಿದಾಗ ಸ್ವಲ್ಪವೇ ಬಾಗುವಷ್ಟು ಬಿಗಿ ಸಾಕು, ಹೆಚ್ಚಾದರೆ ಬುಷ್ಷಿಗೆ ಕೇಡು. ಬೆಲ್ಟೂ ದೊಡ್ಡ ಪುಲ್ಲಿಯೂ ಸರಿಯಾಗಿ ತಿರುಗುತ್ತಿದ್ದು ಚಕ್ರ ನಿಂತಿದ್ದರೆ ಪಲ್ಸೇಟರಿನ ಒಳತೂತಿನ ಹಲ್ಲುಗಳು ಸವೆದಿವೆ. ಇದು ಬಹಳ ಜನರನ್ನು ದಾರಿತಪ್ಪಿಸುವ ದೋಷ: ಬರಿಯ ತೊಟ್ಟಿಯಲ್ಲಿ ಚಕ್ರ ಚೆನ್ನಾಗಿಯೇ ಸುತ್ತುತ್ತದೆ, ಬಟ್ಟೆ ಹಾಕಿದೊಡನೆ ಉಕ್ಕಿನ ದಂಡವು ಪ್ಲಾಸ್ಟಿಕ್ಕಿನೊಳಗೆ ಕಟಕಟನೆ ಜಾರಿ ಚಕ್ರ ನಿಲ್ಲುತ್ತದೆ. ಅಂಟು ಮೆತ್ತಿ ಹಿಡಿಸುವ ಉಪಾಯಗಳು ನಿಲ್ಲುವಂಥವಲ್ಲ. ಅದೇ ಮಾದರಿಯ ಹೊಸ ಪಲ್ಸೇಟರನ್ನು ಹಾಕಿಸುವುದೊಂದೇ ದಾರಿ. ಒಂದೇ ಕಡೆಗೆ ಸುತ್ತಿ ಇನ್ನೊಂದು ಕಡೆಗೆ ಸುತ್ತದ ಯಂತ್ರದಲ್ಲಿ ಟೈಮರಿನೊಳಗಿನ ಸಂಪರ್ಕಬಿಂದುಗಳಲ್ಲಿ ಒಂದು ಕರಿಕಟ್ಟಿದೆಯೆಂದು ಮೊದಲು ಶಂಕಿಸಬೇಕು. ಹಾಗೆಯೇ ಬಳಸುತ್ತ ಹೋದರೆ ಬಟ್ಟೆಯೆಲ್ಲ ಹುರಿಗೊಂಡು ಮೋಟಾರಿಗೆ ಹೊರೆಯಾಗುತ್ತದೆ.

ಪೂರ್ಣ ಆಟೋಮ್ಯಾಟಿಕ್ ಯಂತ್ರಗಳ ವಿಚಾರ ಬೇರೆ ಲೇಖನಕ್ಕೆ ತಕ್ಕದ್ದು. ಆದರೂ ಒಂದು ಮಾತು: ನೀರು ಗೊತ್ತಾದ ಮಟ್ಟಕ್ಕೆ ಏರಿತೆಂದು ತಿಳಿಯುವವರೆಗೆ ಅವು ಒಗೆಯಲು ಆರಂಭಿಸುವುದೇ ಇಲ್ಲ. ಸಿಂಟೆಕ್ಸ್ ಟ್ಯಾಂಕು ತಗ್ಗಿನಲ್ಲಿದ್ದು ಒತ್ತಡ ಸಾಲದಿದ್ದರೂ, ನೀರು ಒಳಬರುವ ಬಾಯಿಯ ಜಾಲರಿಯಲ್ಲಿ ಮರಳು ಕಟ್ಟಿದ್ದರೂ ಯಂತ್ರ ಸುಮ್ಮನೆ ಕಾಯುತ್ತ ನಿಲ್ಲುತ್ತದೆ. ಆ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯುವುದರಿಂದಲೇ ಎಷ್ಟೋ ಯಂತ್ರಗಳು ಮತ್ತೆ ನಡೆಯುತ್ತವೆ.

ಎಲ್ಲ ಯಂತ್ರಗಳನ್ನೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಮೋಟಾರಿನ ಸುರುಳಿ ಸುಟ್ಟು, ತೊಟ್ಟಿ ಬಿರಿದು, ಮೈಯ ತಗಡು ತುಕ್ಕಿಗೆ ಕರಗಿದ್ದರೆ ಅದನ್ನು ಬಿಡುವುದೇ ವಿವೇಕ. ಬಿಡುವಾಗಲೂ ಕ್ರಮವುಂಟು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಟ್ಟೆ ಒಗೆಯುವ ಯಂತ್ರವೂ ಸೇರಿದ್ದು, ಬಳಕೆ ಮುಗಿದ ಯಂತ್ರಗಳ ಮರುಸಂಸ್ಕರಣದ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಲಾಗಿದೆ. ಆದರೆ ಬೆಲ್ಟು, ಸೀಲ್, ಕಂಡೆನ್ಸರ್, ಪಲ್ಸೇಟರ್ ಈ ನಾಲ್ಕರಲ್ಲೊಂದು ಸವೆದುದಕ್ಕಾಗಿ ಇಡೀ ಯಂತ್ರವನ್ನು ಬಿಸಾಡುವುದು ಮಾತ್ರ ಅನ್ಯಾಯ. ಇದರಲ್ಲಿ ಮನೆಯವರ ತಪ್ಪಿಗಿಂತ ಬಿಡಿಭಾಗ ಸಿಗದಿರುವ ಕಷ್ಟವೇ ಹೆಚ್ಚು. ಹಳೆಯ ಮಾದರಿಯ ಒಂದು ಪಲ್ಸೇಟರಿಗಾಗಿ ಬೆಳ್ಳೂರು ಕ್ರಾಸಿನ ಮೆಕ್ಯಾನಿಕ್ಕು ಮಂಡ್ಯವನ್ನೂ ಮೈಸೂರನ್ನೂ ವಿಚಾರಿಸಿ, ಕೊನೆಗೆ ನೂರು ಕಿಲೋಮೀಟರಿನಾಚೆಯ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಹುಡುಕಬೇಕಾಗುತ್ತದೆ. ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದು, ರಿಪೇರಿಯ ಮಾಹಿತಿಯನ್ನೂ ಬಿಡಿಭಾಗಗಳ ವಿವರವನ್ನೂ ಕಂಪನಿಗಳು ಅಲ್ಲಿ ಒದಗಿಸಬೇಕೆಂದು ಕೇಳಿಕೊಂಡಿದೆ. ಆ ಹಕ್ಕು ತಾಲ್ಲೂಕು ಕೇಂದ್ರದ ಅಂಗಡಿಯ ಕಪಾಟಿನವರೆಗೆ ಬರಬೇಕು. ಕಂಪನಿಗಳು ಮಾದರಿಯನ್ನು ನಿಲ್ಲಿಸಿದ ಮೇಲೂ ಕನಿಷ್ಠ ಹತ್ತು ವರ್ಷ ಅದರ ಬಿಡಿಭಾಗಗಳನ್ನು ಮಾರುವಂತೆ ಕಾನೂನಿನಲ್ಲಿಯೇ ಕಟ್ಟು ಮಾಡಬೇಕು.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಯಂತ್ರ ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ ಅದರ ಮಾದರಿಯ ಸಂಖ್ಯೆಯನ್ನೂ, ಮೆಕ್ಯಾನಿಕ್ ಬಂದಾಗ ಕಂಡೆನ್ಸರಿನ ಅಂಕಿಯನ್ನೂ ಬೆಲ್ಟಿನ ಗುರುತನ್ನೂ ಕೇಳಿ ಒಂದು ಚೀಟಿಯಲ್ಲಿ ಬರೆದು, ಮುಚ್ಚಳದ ಒಳಬದಿಗೆ ಅಂಟಿಸಿಡಿ. ಒಗೆಯಲು ಹಾಕುವ ಮುನ್ನ ಜೇಬುಗಳನ್ನು ತಡಕಿ, ಲಾಡಿಗಳನ್ನು ಗಂಟುಹಾಕಿ. ಚಕ್ರ ನಿಂತ ದಿನ, ಗುಜರಿಯವನಿಗೆ ಹೇಳಿಕಳಿಸುವ ಮೊದಲು, ನಿಮ್ಮ ಊರಿನ ಮೆಕ್ಯಾನಿಕ್ಕನಿಗೆ ಅದನ್ನೊಮ್ಮೆ ತೋರಿಸಿ. ಅವನು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.